ಕ್ಯಾಸೆಟ್ ನಕಲು ಮಾಡಿದವರು ಕಟ್ಟಿದ ಮಾರುಕಟ್ಟೆ: ಜಪಾನಿನ ಹೊರಗೆ ಆನಿಮೆ ಅಭಿಮಾನಿ ಬಳಗ

ಆನಿಮೆ, ಅಂದರೆ ಜಪಾನಿನ ಅನಿಮೇಷನ್, ಜಗತ್ತಿನ ತುಂಬ ಹರಡಿದ್ದು ಹೇಗೆ ಎಂಬ ಪ್ರಶ್ನೆಗೆ ‘ಜಪಾನಿನ ಕಂಪನಿಗಳು ರಫ್ತು ಮಾಡಿದವು’ ಎಂದು ಬರೆದರೆ ಅರ್ಧ ಉತ್ತರವಷ್ಟೇ ಆಗುತ್ತದೆ. ಅಮೆರಿಕದ ಮಟ್ಟಿಗಂತೂ ಕಂಪನಿಗಳಿಗಿಂತ ಮೊದಲೇ ಅಭಿಮಾನಿಗಳು ಹಂಚಿಕೆಯ ಜಾಲ ಕಟ್ಟಿದ್ದರು. ಮಾರುಕಟ್ಟೆ ನಿಂತದ್ದು ಆಮೇಲೆ, ಅದೇ ಜಾಲದ ಮೇಲೆ. ವಿದ್ಯಾರ್ಥಿಗಳಿಗಾಗಿ ಬರೆದ ಈ ಟಿಪ್ಪಣಿಯಲ್ಲಿ ಆ ಭಾಗಕ್ಕೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ನೋಡುಗರು ಬೇರೆ, ಬಳಗ ಬೇರೆ

ಒಸಾಮು ತೆಜುಕಾ ಅವರ ‘ಆಸ್ಟ್ರೊ ಬಾಯ್’ ಜಪಾನಿನ ಟಿವಿಯಲ್ಲಿ ಶುರುವಾದದ್ದು 1963ರ ಜನವರಿಯಲ್ಲಿ. ಅದೇ ವರ್ಷ ಸೆಪ್ಟೆಂಬರ್‌ ಹೊತ್ತಿಗೆ ಅಮೆರಿಕದ ಮಕ್ಕಳೂ ಅದನ್ನು ನೋಡುತ್ತಿದ್ದರು. ಆದರೆ ಪಾತ್ರಗಳ ಹೆಸರು ಬದಲಾಗಿ, ಸಂಭಾಷಣೆ ಇಂಗ್ಲಿಷಿಗೆ ಡಬ್ ಆಗಿ ಬಂದದ್ದರಿಂದ ಇದು ಜಪಾನಿನದು ಎಂದು ಎಷ್ಟೋ ಮಕ್ಕಳಿಗೆ ಗೊತ್ತೇ ಇರಲಿಲ್ಲ. ನೋಡುಗರಿದ್ದರು, ಬಳಗ ಇರಲಿಲ್ಲ. ಈ ವ್ಯತ್ಯಾಸವನ್ನು ಗಟ್ಟಿಯಾಗಿ ಹಿಡಿದುಕೊಂಡರೆ ಮುಂದಿನದು ಸುಲಭ.

ಬಳಗ ಹುಟ್ಟಿದ್ದು 1970ರ ದಶಕದ ನಡುವೆ. ಲಾಸ್ ಏಂಜಲೀಸ್‌ನಲ್ಲಿ ಜಪಾನಿ ಸಮುದಾಯಕ್ಕೆಂದೇ ಇದ್ದ ಟಿವಿ ಪ್ರಸಾರದಲ್ಲಿ ದೈತ್ಯ ರೋಬೋಗಳ ಸರಣಿಗಳು ಬರುತ್ತಿದ್ದವು. ಅದೇ ಹೊತ್ತಿಗೆ ಮನೆಯಲ್ಲೇ ಟಿವಿ ಕಾರ್ಯಕ್ರಮ ರೆಕಾರ್ಡ್ ಮಾಡಿಕೊಳ್ಳುವ ವಿಸಿಆರ್ ಮಾರುಕಟ್ಟೆಗೆ ಬಂತು. 1977ರ ಮೇ ತಿಂಗಳಲ್ಲಿ ಫ್ರೆಡ್ ಪ್ಯಾಟನ್ ಮತ್ತು ಗೆಳೆಯರು ಅದೇ ಊರಿನಲ್ಲಿ ‘ಕಾರ್ಟೂನ್/ಫ್ಯಾಂಟಸಿ ಆರ್ಗನೈಸೇಷನ್’ ಎಂಬ ಕೂಟ ಕಟ್ಟಿದರು. ಎಲ್ಲರೂ ಒಂದೆಡೆ ಕೂತು ಕ್ಯಾಸೆಟ್ ನೋಡುವುದೇ ಅದರ ಮುಖ್ಯ ಕೆಲಸ. ಭಾಷೆ ಬಾರದವರ ಕೈಗೆ ಕತೆಯ ಸಾರಾಂಶ ಬರೆದ ಹಾಳೆ ಸಿಗುತ್ತಿತ್ತು, ಇಲ್ಲವೇ ತಿಳಿದವರೊಬ್ಬರು ಕತೆ ಹೇಳುತ್ತಿದ್ದರು.

ಕ್ಯಾಸೆಟ್ ಎಲ್ಲಿಂದ ಬರುತ್ತಿತ್ತು? ಜಪಾನಿನ ಕೆಲವು ಅಭಿಮಾನಿಗಳಿಗೆ ‘ಸ್ಟಾರ್ ಟ್ರೆಕ್’ನಂಥ ಅಮೆರಿಕನ್ ಸರಣಿಗಳು ಬೇಕಿದ್ದವು, ಇವರಿಗೆ ಆನಿಮೆ ಬೇಕಿತ್ತು. ಅಂಚೆಯಲ್ಲಿ ವಿನಿಮಯ ನಡೆಯಿತು. ಇದು ಸಾಧ್ಯವಾಗಲು ಒಂದು ತಾಂತ್ರಿಕ ಕಾರಣವಿದೆ, ಅದನ್ನು ಉತ್ತರದಲ್ಲಿ ತಪ್ಪದೆ ಬರೆಯಿರಿ: ಜಪಾನ್ ಮತ್ತು ಅಮೆರಿಕ ಎರಡೂ ಎನ್‌ಟಿಎಸ್‌ಸಿ ಪ್ರಸಾರ ಪದ್ಧತಿಯ ದೇಶಗಳು. ಟೋಕಿಯೊದ ಕ್ಯಾಸೆಟ್ ಲಾಸ್ ಏಂಜಲೀಸ್‌ನ ಯಂತ್ರದಲ್ಲಿ ಹಾಗೇ ಓಡುತ್ತಿತ್ತು. ಪಾಲ್ ಪದ್ಧತಿಯ ಬ್ರಿಟನ್, ಭಾರತಗಳ ಸಾಮಾನ್ಯ ವಿಸಿಆರ್‌ನಲ್ಲಿ ಅದು ಸರಿಯಾಗಿ ಮೂಡುತ್ತಿರಲಿಲ್ಲ.

1985ರ ‘ರೊಬೊಟೆಕ್’ ಈ ಹಸಿವನ್ನು ಹೆಚ್ಚಿಸಿತು. ವಾರದ ಐದೂ ದಿನ ಪ್ರಸಾರ ಮಾಡಲು ಅಷ್ಟು ಕಂತುಗಳು ಬೇಕೆಂದು, ಒಂದಕ್ಕೊಂದು ಸಂಬಂಧವಿಲ್ಲದ ಮೂರು ಜಪಾನಿ ಸರಣಿಗಳನ್ನು ಅಮೆರಿಕದಲ್ಲಿ ಒಂದೇ ಕತೆಯಾಗಿ ಹೊಲಿದಿದ್ದರು. ಮೂಲ ಹೇಗಿತ್ತು ಎಂದು ಹುಡುಕಿ ಹೊರಟವರು ನೇರ ಕ್ಯಾಸೆಟ್ ಜಾಲಕ್ಕೆ ಬಂದು ಸೇರಿದರು.

ಫ್ಯಾನ್‌ಸಬ್: ಕಾನೂನಿನ ಹೊರಗಿನ ಶಿಸ್ತು

1980ರ ದಶಕದ ಕೊನೆಗೆ ಅಮಿಗಾ ಕಂಪ್ಯೂಟರ್ ಮತ್ತು ಜೆನ್‌ಲಾಕ್ ಎಂಬ ಉಪಕರಣ ಸೇರಿಸಿ, ಓಡುತ್ತಿರುವ ಚಿತ್ರದ ಮೇಲೆ ಅಕ್ಷರ ಮೂಡಿಸಿ ಇನ್ನೊಂದು ವಿಸಿಆರ್‌ನಲ್ಲಿ ರೆಕಾರ್ಡ್ ಮಾಡಿಕೊಳ್ಳಲು ಅಭಿಮಾನಿಗಳು ಕಲಿತರು. ಅನುವಾದ ಒಬ್ಬರದು, ಪ್ರತಿ ಸಾಲಿಗೂ ಸಮಯ ಹೊಂದಿಸುವುದು ಇನ್ನೊಬ್ಬರದು, ನಕಲು ಮಾಡಿ ಹಂಚುವುದು ಮತ್ತೊಬ್ಬರದು. ಹೀಗೆ ಅಭಿಮಾನಿಗಳೇ ಸಬ್‌ಟೈಟಲ್ ಹಾಕಿದ ಪ್ರತಿಯೇ ಫ್ಯಾನ್‌ಸಬ್. ನಕಲಿನ ನಕಲು ತೆಗೆದಷ್ಟೂ ಚಿತ್ರ ಮಸುಕಾಗುತ್ತಿದ್ದರಿಂದ ಮೂಲ ಪ್ರತಿ ಯಾರ ಬಳಿ ಇದೆ ಎಂಬುದಕ್ಕೆ ಬಹಳ ಬೆಲೆ ಇತ್ತು. ಬೇಕಾದವರು ಖಾಲಿ ಕ್ಯಾಸೆಟ್ ಮತ್ತು ಮರು ಅಂಚೆಯ ಖರ್ಚು ಕಳಿಸಿದರೆ ಸಾಕು. ಬರ್ಕ್ಲಿ, ಎಂಐಟಿಗಳಂಥ ವಿಶ್ವವಿದ್ಯಾಲಯಗಳಲ್ಲಿ ವಿದ್ಯಾರ್ಥಿ ಕೂಟಗಳು ಬೆಳೆದದ್ದು ಈ ಕ್ಯಾಸೆಟ್‌ಗಳ ಬಲದಿಂದ.

ಹಕ್ಕುದಾರರ ಒಪ್ಪಿಗೆ ಇಲ್ಲದೆ ಅನುವಾದಿಸಿ ಹಂಚುವುದು ಕೃತಿಸ್ವಾಮ್ಯದ ಉಲ್ಲಂಘನೆ. ಅದು ಅವರಿಗೂ ಗೊತ್ತಿತ್ತು. ಹಾಗಾಗಿ ತಮಗೆ ತಾವೇ ಎರಡು ನಿಯಮ ಹಾಕಿಕೊಂಡರು: ಲಾಭಕ್ಕೆ ಮಾರಬಾರದು, ಕೃತಿಯ ಹಕ್ಕನ್ನು ಅಮೆರಿಕದ ಕಂಪನಿ ಕೊಂಡ ಕೂಡಲೇ ಹಂಚಿಕೆ ನಿಲ್ಲಿಸಬೇಕು. ಎಲ್ಲರೂ ಪಾಲಿಸಲಿಲ್ಲ, ಆದರೂ ಬಳಗದೊಳಗಿನ ಮರ್ಯಾದೆ ಇದರ ಮೇಲೆಯೇ ನಿಂತಿತ್ತು. ನನ್ನ ಮಟ್ಟಿಗೆ ಈ ಇಡೀ ಅಧ್ಯಾಯದಲ್ಲಿ ಅತಿ ಮುಖ್ಯವಾದದ್ದು ಇದೇ. ಯಾವ ಕೃತಿಗೆ ಬೇಡಿಕೆ ಇದೆ ಎಂದು ಕಂಪನಿಗಳಿಗೆ ಪುಕ್ಕಟೆಯಾಗಿ ತೋರಿಸಿಕೊಟ್ಟದ್ದು ಈ ಕ್ಯಾಸೆಟ್‌ಗಳು. 1988ರಲ್ಲಿ ಅಭಿಮಾನಿಗಳೇ ಸ್ಥಾಪಿಸಿದ ಆನಿಮೈಗೊ, 1992ರಲ್ಲಿ ಹ್ಯೂಸ್ಟನ್‌ನಲ್ಲಿ ಶುರುವಾದ ಎ.ಡಿ. ವಿಷನ್ ಅಧಿಕೃತ ಕ್ಯಾಸೆಟ್ ತಂದಾಗ ಕೊಳ್ಳುವವರು ಆಗಲೇ ತಯಾರಿದ್ದರು. ಅಭಿಮಾನಿಗಳ ಸಮ್ಮೇಳನವಾದ ಆನಿಮೆ ಎಕ್ಸ್‌ಪೋ ಆರಂಭವಾದದ್ದೂ 1992ರಲ್ಲೇ.

ಅಮೆರಿಕದ ಕತೆಯನ್ನು ಎಲ್ಲೆಡೆಗೂ ಅನ್ವಯಿಸಬೇಡಿ

ಫ್ರಾನ್ಸ್‌ನಲ್ಲಿ ಟಿವಿಯೇ ಮೊದಲು. 1978ರ ಜುಲೈಯಲ್ಲಿ ‘ಗೋಲ್ಡೊರಾಕ್’ ಎಂಬ ದೈತ್ಯ ರೋಬೋ ಸರಣಿ ಬಂದು ಮನೆಮಾತಾಯಿತು. 1987ರಿಂದ 1997ರವರೆಗೆ ಆನಿಮೆ ತೋರಿಸುತ್ತಿದ್ದ ‘ಕ್ಲಬ್ ಡೊರೊಥೆ’ ಎಂಬ ಮಕ್ಕಳ ಕಾರ್ಯಕ್ರಮ ಒಂದು ಪೀಳಿಗೆಯನ್ನೇ ಬೆಳೆಸಿತು. ಫಿಲಿಪ್ಪೀನ್ಸ್‌ನಲ್ಲಿ ‘ವೋಲ್ಟೆಸ್ ಫೈವ್’ ಸರಣಿಯನ್ನು ಕೊನೆಯ ಕೆಲವು ಕಂತುಗಳು ಬಾಕಿ ಇರುವಾಗಲೇ, 1979ರಲ್ಲಿ ಮಾರ್ಕೋಸ್ ಸರ್ಕಾರ ನಿಷೇಧಿಸಿತು. ಅಂತ್ಯ ನೋಡಲಾಗದ ಮಕ್ಕಳು ದೊಡ್ಡವರಾದ ಮೇಲೂ ಅದನ್ನು ಮರೆಯಲಿಲ್ಲ. ಇಲ್ಲೆಲ್ಲ ಅಭಿಮಾನಕ್ಕೆ ಬೇರು ಬಾಲ್ಯದ ಟಿವಿ.

ಇಂಟರ್‌ನೆಟ್ ನಂತರ

ಡಿಜಿಟಲ್ ಕಡತ ಎಷ್ಟು ನಕಲಾದರೂ ಮಸುಕಾಗುವುದಿಲ್ಲ, ಅಂಚೆಯೂ ಬೇಡ. ಕ್ಯಾಸೆಟ್ ಕಾಲದ ಶಿಸ್ತು ಸಡಿಲವಾದದ್ದು ಇದರಿಂದಲೇ. 2006ರಲ್ಲಿ ಶುರುವಾದ ಕ್ರಂಚಿರೋಲ್ ಎಂಬ ವಿಡಿಯೊ ಜಾಲತಾಣದಲ್ಲಿ ಮೊದಲು ಅನುಮತಿ ಇಲ್ಲದ ಫ್ಯಾನ್‌ಸಬ್‌ಗಳೂ ಇದ್ದವು. 2008ರಲ್ಲಿ ಅದಕ್ಕೆ ಹೂಡಿಕೆದಾರರ ಹಣ ಬಂದಾಗ ತಕರಾರು ಎದ್ದಿತು: ಲಾಭಕ್ಕಲ್ಲ ಎಂಬ ಹಳೆಯ ನಿಯಮ ಮುರಿದಿತ್ತು. 2009ರ ಜನವರಿಯಲ್ಲಿ ಅದು ಟಿವಿ ಟೋಕಿಯೊ ಜೊತೆ ಒಪ್ಪಂದ ಮಾಡಿಕೊಂಡು ‘ನರುಟೊ ಶಿಪ್ಪುಡೆನ್’ ಕಂತುಗಳನ್ನು ಜಪಾನಿನ ಪ್ರಸಾರವಾದ ಸ್ವಲ್ಪ ಹೊತ್ತಿನಲ್ಲೇ ಸಬ್‌ಟೈಟಲ್ ಸಮೇತ ಕೊಡತೊಡಗಿತು. 2021ರಲ್ಲಿ ಸೋನಿ ಅದನ್ನು 117.5 ಕೋಟಿ ಡಾಲರ್‌ಗೆ ಕೊಂಡಿತು.

ಭಾರತದಲ್ಲಿ 2004ರಲ್ಲಿ ಆನಿಮೆಗೆಂದೇ ಇದ್ದ ಅನಿಮ್ಯಾಕ್ಸ್ ವಾಹಿನಿ ಬಂತು. 2019ರಲ್ಲಿ ಮಕೊಟೊ ಶಿಂಕಾಯ್ ಅವರ ‘ವೆದರಿಂಗ್ ವಿತ್ ಯೂ’ ಇಲ್ಲಿನ ಚಿತ್ರಮಂದಿರಗಳಿಗೆ ಬಂದದ್ದರ ಹಿಂದೆ 50,000ಕ್ಕೂ ಹೆಚ್ಚು ಅಭಿಮಾನಿಗಳು ಸಹಿ ಹಾಕಿದ ಮನವಿ ಇತ್ತು. 2025ರಲ್ಲಿ ‘ಡೀಮನ್ ಸ್ಲೇಯರ್: ಇನ್ಫಿನಿಟಿ ಕ್ಯಾಸಲ್’ ಹಿಂದಿ, ತಮಿಳು, ತೆಲುಗು ಡಬ್ಬಿಂಗ್‌ನಲ್ಲೂ ಬಿಡುಗಡೆಯಾಯಿತು. ಕನ್ನಡ ಡಬ್ಬಿಂಗ್ ಇರಲಿಲ್ಲ. ನಮ್ಮಲ್ಲಿ ಆನಿಮೆ ನೋಡುವವರು ಬೇಕಾದಷ್ಟಿದ್ದಾರೆ. ಕನ್ನಡದಲ್ಲೇ ಬೇಕು ಎಂದು ಕೇಳುವ ಬಳಗ ಇದೆಯೇ ಎಂಬುದನ್ನು ಕಿರುಪ್ರಬಂಧಕ್ಕೆ ವಿಷಯವಾಗಿ ಯಾರಾದರೂ ಎತ್ತಿಕೊಳ್ಳಬಹುದು.