ಕ್ಯಾಲ್‌ಪ್ರೊಟೆಕ್ಟಿನ್ 280 ಬಂದಿದೆ, ತೊಂದರೆಯೇನೂ ಇಲ್ಲ: ಕೊಲೈಟಿಸ್ ಮರುಕಳಿಸುತ್ತದೆಯೇ?

ಪ್ರಶ್ನೆ: ನನಗೆ ಅಲ್ಸರೇಟಿವ್ ಕೊಲೈಟಿಸ್ (ದೊಡ್ಡಕರುಳಿನ ಒಳಪದರದಲ್ಲಿ ಉರಿಯೂತ, ಹುಣ್ಣು ಆಗುವ ದೀರ್ಘಕಾಲದ ಕಾಯಿಲೆ) ಇದೆ. ಸದ್ಯ ರಕ್ತವಿಲ್ಲ, ಭೇದಿಯಿಲ್ಲ. ಆದರೂ ಮಲಪರೀಕ್ಷೆಯಲ್ಲಿ ಕ್ಯಾಲ್‌ಪ್ರೊಟೆಕ್ಟಿನ್ 280 ಬಂದಿದೆ. ಈಗಲೇ ಔಷಧ ಹೆಚ್ಚಿಸಬೇಕೇ?

ಉತ್ತರ: ಒಂದೇ ವರದಿ ನೋಡಿ ಔಷಧ ಬದಲಿಸುವುದು ಬೇಡ. ಹಾಗೆಂದು ಅದನ್ನು ಕಡೆಗಣಿಸುವಂತೆಯೂ ಇಲ್ಲ.

ಕರುಳಿನ ಒಳಪದರದಲ್ಲಿ ಉರಿಯೂತ ಶುರುವಾದರೆ ನ್ಯೂಟ್ರೋಫಿಲ್ ಎಂಬ ಬಿಳಿ ರಕ್ತಕಣಗಳು ಅಲ್ಲಿಗೆ ನುಗ್ಗುತ್ತವೆ. ಅವುಗಳಲ್ಲಿ ಹೇರಳವಾಗಿರುವ ಪ್ರೋಟೀನೇ ಕ್ಯಾಲ್‌ಪ್ರೊಟೆಕ್ಟಿನ್. ಕರುಳಿನ ಬ್ಯಾಕ್ಟೀರಿಯಾಗಳಿಗೆ ಇದನ್ನು ಸುಲಭವಾಗಿ ಒಡೆಯಲಾಗದು. ಹಾಗಾಗಿ ಮಲದಲ್ಲಿ ಉಳಿದು ಅಳತೆಗೆ ಸಿಗುತ್ತದೆ. ರೋಗಲಕ್ಷಣ ಕಾಣಿಸುವ ಎರಡು-ಮೂರು ತಿಂಗಳ ಮೊದಲೇ ಇದು ಏರತೊಡಗುವುದುಂಟು.

ಲಕ್ಷಣಗಳಿಲ್ಲದವರಲ್ಲಿ ಪ್ರತಿ ಗ್ರಾಂ ಮಲಕ್ಕೆ 150 ಮೈಕ್ರೊಗ್ರಾಂ ಒಳಗಿದ್ದರೆ ಸಾಮಾನ್ಯವಾಗಿ ನೆಮ್ಮದಿಯಿಂದಿರಬಹುದು. 250 ದಾಟಿದರೆ ಅನುಮಾನ ಮೂಡುತ್ತದೆ. ತಿಂಗಳ ಅಂತರದಲ್ಲಿ ಎರಡು ಸಲವೂ 300 ಮೀರಿದರೆ ಅನುಮಾನ ಬಲವಾಗುತ್ತದೆ. 80ರಿಂದ 160, ಅಲ್ಲಿಂದ 280 ಎಂದು ಏರುತ್ತ ಬಂದಿದ್ದರೆ ಅದು ಒಂಟಿ 280ಕ್ಕಿಂತ ಹೆಚ್ಚು ಗಂಭೀರ. ಹಳೆಯ ವರದಿಗಳನ್ನು ಜೋಪಾನವಾಗಿಡಿ ಎಂದು ನಾವು ಒತ್ತಿ ಹೇಳುವುದು ಇದಕ್ಕೇ.

ಅಂಕಿ ದಾರಿ ತಪ್ಪಿಸುವುದೂ ಉಂಟು. ಐಬುಪ್ರೊಫೆನ್, ಡೈಕ್ಲೊಫೆನಾಕ್‌ನಂಥ ನೋವಿನ ಮಾತ್ರೆ, ಪ್ಯಾಂಟೊಪ್ರಜೋಲ್‌ನಂಥ ಆಮ್ಲ ತಗ್ಗಿಸುವ ಮಾತ್ರೆ, ಕರುಳಿನ ಸೋಂಕು ಇವೆಲ್ಲ ಅದನ್ನು ಏರಿಸಬಲ್ಲವು. ಏನೇನು ನುಂಗುತ್ತಿದ್ದೀರೆಂದು ವೈದ್ಯರಿಗೆ ಹೇಳಿ. ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಕಿಟ್‌ನಿಂದ ಕಿಟ್‌ಗೂ ಫಲಿತಾಂಶ ಬೇರೆಯಾಗುವುದರಿಂದ ಪ್ರತಿಸಲ ಒಂದೇ ಲ್ಯಾಬ್‌ಗೆ ಹೋಗಿ. ಮಾದರಿಗೆ ಬೆಳಗಿನ ಮೊದಲ ಮಲವೇ ಒಳ್ಳೆಯದು. ಮೂತ್ರವಾಗಲಿ ಕಮೋಡಿನ ನೀರಾಗಲಿ ಸೇರಬಾರದು. ಅಂದೇ ತಲುಪಿಸಿ, ಆಗದಿದ್ದರೆ ಮುಚ್ಚಿ ಫ್ರಿಜ್‌ನಲ್ಲಿಟ್ಟು ಮೂರು ದಿನದೊಳಗೆ ಕೊಡಿ.



ಕೊಲೈಟಿಸ್ ಹತೋಟಿಯಲ್ಲಿಡುವ ಔಷಧವಾದ ಮೆಸಲಮಿನ್‌ನ ಡೋಸ್ ತಪ್ಪುತ್ತಿದೆಯೇ ನೋಡಿಕೊಳ್ಳಿ. ಲಕ್ಷಣ ಮಾಯವಾದಾಗ ಮಾತ್ರೆ ಮರೆಯುವುದು ತೀರಾ ಸಾಮಾನ್ಯ. ಕೆಲವು ವಾರಗಳ ನಂತರ ಮರುಪರೀಕ್ಷೆ ಮಾಡಿಸಿ. ಆಗಲೂ ಇಳಿಯದಿದ್ದರೆ ವೈದ್ಯರು ಗುದದ್ವಾರದ ಮೂಲಕ ಕ್ಯಾಮೆರಾ ಇರುವ ಕೊಳವೆ ಹಾಕಿ (ಸಿಗ್ಮಾಯ್ಡೊಸ್ಕೋಪಿ ಅಥವಾ ಕೊಲೊನೊಸ್ಕೋಪಿ) ಕರುಳನ್ನೇ ನೋಡಿ ಔಷಧ ನಿರ್ಧರಿಸುತ್ತಾರೆ. ಉಳಿದಿರುವ ಹಳೆಯ ಸ್ಟೀರಾಯ್ಡ್ ಮಾತ್ರೆಗಳನ್ನು ನೀವಾಗಿಯೇ ಶುರುಮಾಡಬೇಡಿ. ಮಲದಲ್ಲಿ ರಕ್ತ, ಜ್ವರ, ರಾತ್ರಿ ಎಬ್ಬಿಸುವ ಭೇದಿ ಕಂಡರೆ ಮರುಪರೀಕ್ಷೆಗೆ ಕಾಯದೆ ಕೂಡಲೇ ವೈದ್ಯರಲ್ಲಿಗೆ ಹೋಗಿ.