ಸರ್ಟಿಫಿಕೇಟ್ ಇದೆ, ದೋಣಿ ಹಾಗೇ ಇದೆಯಾ?

ರೇಸಿನ ದೋಣಿಗಳು ನಿಯಮದಂತೆ ಇವೆಯೇ ಅಂತ ನೋಡುವ ಅಳತೆಗಾರ ನಾನು. ರೇಸಿಗೆ ಮುಂಚಿನ ತಪಾಸಣೆಗೆ ಒಮ್ಮೆ ಒಂದು ಹಳೆಯ ಹಾಯಿದೋಣಿ ಬಂತು. ಇಬ್ಬರು ಓಡಿಸುವ ಡಿಂಗಿ, ಅಂದರೆ ಚಿಕ್ಕ ದೋಣಿ. ತಲಾ ಒಂದು ಕಿಲೋದ ಎರಡು ಸೀಸದ ತುಂಡು ಕೂರಿಸಿದೆ ಅಂತ ಅದರ ಅಳತೆಯ ಸರ್ಟಿಫಿಕೇಟಿನಲ್ಲಿ ಬರೆದಿತ್ತು. ಅಡ್ಡಪಟ್ಟಿಯ ಕೆಳಗೆ ಬಗ್ಗಿ ನೋಡಿದೆ. ಸೀಸ ಇಲ್ಲ. ನಾಲ್ಕು ಸ್ಕ್ರೂ ತೂತು, ಕೊಳೆ ಹಿಡಿದ ಜಾಗದ ನಡುವೆ ಬೆಳ್ಳಗೆ ಎರಡು ಚೌಕ.

‘ದೋಣಿ ನೀರು ಕುಡಿದು ಭಾರ ಆಗಿದೆ ಸರ್, ಅದಕ್ಕೇ ಬಿಚ್ಚಿದೆ’ ಎಂದರು ಮಾಲೀಕರು.

ಮಾತು ಸುಳ್ಳಲ್ಲ. ಒಂದೇ ಬಗೆಯ ದೋಣಿಗಳ ಗುಂಪಿಗೆ ಕ್ಲಾಸ್ ಅನ್ನುತ್ತಾರೆ. ಕ್ಲಾಸ್ ನಿಯಮದಲ್ಲಿ ದೋಣಿಗೆ ಕನಿಷ್ಠ ತೂಕ ಇರುತ್ತದೆ. ಮಕ್ಕಳು ಓಡಿಸುವ ಆಪ್ಟಿಮಿಸ್ಟ್ ದೋಣಿಯ ಹಲ್, ಅಂದರೆ ಒಡಲು, 35 ಕಿಲೋಗಿಂತ ಕಮ್ಮಿ ಇರುವಂತಿಲ್ಲ. ಹೊಸ ದೋಣಿ ಹಗುರಾಗಿದ್ದರೆ ಸೀಸ ಕೂರಿಸಿ ಸರಿದೂಗಿಸುತ್ತೇವೆ. ವರ್ಷ ಕಳೆದಂತೆ ತೇವ ಹೀರಿ, ರಿಪೇರಿಗೆ ಹಚ್ಚುವ ರೆಸಿನ್ ಅಂಟು ಸೇರಿ ಅದೇ ದೋಣಿ ಭಾರ ಆಗುತ್ತದೆ. ಆಗ ಸೀಸ ತೆಗೆಯಬಹುದು. ಆದರೆ ಅದನ್ನು ತೂಗಿ ನೋಡಿ, ಬರೆದಿಟ್ಟು ತೆಗೆಯಬೇಕಾದವರು ಅಳತೆಗಾರರು.

ದೋಣಿಯನ್ನು ಒಣಗಿಸಿ, ತೇಲಿಸುವ ಗಾಳಿ ಟ್ಯಾಂಕಿಗೆ ಸೇರಿದ ನೀರು ಬಸಿದು, ಬಿಡಿ ಸಾಮಾನೆಲ್ಲ ಇಳಿಸಿ ತೂಗಿದೆವು. ಕನಿಷ್ಠಕ್ಕಿಂತ 300 ಗ್ರಾಂ ಜಾಸ್ತಿಯೇ ಇತ್ತು. ‘ಮತ್ತೆ ತಪ್ಪೇನು ಸರ್?’ ಎಂದು ಕೇಳಿದರು. ನ್ಯಾಯವಾದ ಪ್ರಶ್ನೆಯೇ. ಕಾಗದದಲ್ಲಿರುವ ದೋಣಿಯೇ ಬೇರೆ, ನನ್ನ ಮುಂದಿರುವ ದೋಣಿಯೇ ಬೇರೆ. ಪಕ್ಕದ ದೋಣಿಯವರು ನಂಬುವುದು ಆ ಕಾಗದವನ್ನು ಅಲ್ವಾ? ಹೊಸ ತೂಕ ಬರೆದು, ಸಹಿ ಹಾಕಿದ ಮೇಲೇ ಆ ದೋಣಿ ನೀರಿಗಿಳಿಯಿತು.

ಸರ್ಟಿಫಿಕೇಟ್ ಹೇಳುವುದು ಅಳತೆ ಮಾಡಿದ ದಿನದ ಸಂಗತಿ. ಆಮೇಲೆ ದೋಣಿಯನ್ನು ನಿಯಮದೊಳಗೆ ಇಟ್ಟುಕೊಳ್ಳುವ ಹೊಣೆ ಮಾಲೀಕರದು, ಅದನ್ನು ಓಡಿಸುವವರದು. ಈ ಕ್ರೀಡೆಯ ವಿಶ್ವ ಸಂಸ್ಥೆ ವರ್ಲ್ಡ್ ಸೇಲಿಂಗ್‌ನ ರೇಸಿಂಗ್ ನಿಯಮಗಳಲ್ಲೇ ಈ ಮಾತಿದೆ. ಸುಮ್ನೆ ನಾನು ಹೇಳುತ್ತಿರುವುದಲ್ಲ.

ಇನ್ನೊಂದು ಮಾತು ನನಗೆ ದಿನಾ ಕೇಳಿಸುತ್ತದೆ: ‘ಬೇಡ ಅಂತ ಎಲ್ಲಿ ಬರೆದಿದೆ?’ ಎಲ್ಲ ದೋಣಿಯೂ ಒಂದೇ ವಿನ್ಯಾಸದಲ್ಲಿರಬೇಕಾದ ಒನ್-ಡಿಸೈನ್ ಕ್ಲಾಸ್‌ಗಳಲ್ಲಿ ಹೆಚ್ಚಿನವುಗಳ ನಿಯಮ ‘ಕ್ಲೋಸ್ಡ್’. ಮಾಡಬಹುದು ಅಂತ ಬರೆದಿದ್ದರೆ ಮಾತ್ರ ಮಾಡಬಹುದು. ಬರೆದೇ ಇಲ್ಲ ಎಂದರೆ ಇಲ್ಲ. ಒಂದು ಕೊಕ್ಕೆಯ ಜಾಗ ಬದಲಿಸುವ ಮುಂಚೆಯೂ ಪುಸ್ತಕ ತೆಗೆಯಿರಿ. ಇದು ಕಿರಿಕಿರಿ ಅನಿಸಬಹುದು. ಆದರೆ ಈ ಬಿಗಿ ಸಡಿಲವಾದರೆ ದುಡ್ಡಿರುವವರು ದೋಣಿಯನ್ನೇ ಬದಲಿಸುತ್ತಾ ಹೋಗುತ್ತಾರೆ, ಗಾಳಿ ಓದಲು ಕಲಿತ ಹುಡುಗಿ ಹಿಂದೆ ಬೀಳುತ್ತಾಳೆ. ಅದು ನನಗೆ ಸಹಿಸಲಾಗದ ವಿಷಯ.

ಎಲ್ಲ ಕ್ಲಾಸ್‌ನಲ್ಲೂ ಹೀಗೆ ದೋಣಿ ದೋಣಿಗೂ ಟೇಪು ಹಿಡಿಯುವುದಿಲ್ಲ. ಮೊದಲು ಲೇಸರ್ ಅಂತಿದ್ದ ಐಎಲ್‌ಸಿಎ ನೋಡಿ. ಪರವಾನಗಿ ಪಡೆದ ಕಾರ್ಖಾನೆಯಲ್ಲೇ ಅದನ್ನು ಕಟ್ಟಬೇಕು. ಕಾರ್ಖಾನೆಯಿಂದ ಬಂದದ್ದನ್ನು ನಿಯಮ ಹೇಳಿದಷ್ಟು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ.

ಹಾಯಿಯ ಅಳತೆ ನನಗೆ ಇಷ್ಟದ ಕೆಲಸ. ಗಾಳಿ ಬಾರದ ಕೋಣೆಯಲ್ಲಿ, ಚೊಕ್ಕ ನೆಲದ ಮೇಲೆ ಹಾಸುತ್ತೇವೆ. ಹಿಂದಿನ ಅಂಚಿಗೆ ಲೀಚ್ ಅನ್ನುತ್ತಾರೆ. ಅದರ ನಡುಬಿಂದು ಸಿಗಲು ಲೆಕ್ಕ ಬೇಡ. ಹಾಯಿಯ ತಲೆಯನ್ನು ತಂದು ಹಿಂದಿನ ಕೆಳಮೂಲೆಯ ಮೇಲಿಟ್ಟು, ಲೀಚನ್ನು ಮೆಲ್ಲಗೆ ಎಳೆದು ಹಿಡಿದರೆ ಮಡಿಕೆ ಬಿದ್ದ ಕಡೆಯೇ ನಡುಬಿಂದು. ಪೆನ್ಸಿಲ್ ಗುರುತು ಹಾಕಿ, ಬಿಡಿಸಿ, ಅಲ್ಲಿಂದ ಮುಂದಿನ ಅಂಚಿಗೆ ಅತಿ ಹತ್ತಿರದ ದೂರ ಅಳೆಯುತ್ತೇವೆ. ಇದೇ ನಡು ಅಗಲ. ಬಟ್ಟೆ ಸುಕ್ಕಾಗಿದ್ದರೆ ಅಳತೆ ಕಮ್ಮಿ ಬರುತ್ತದೆ, ಹಾಗಾಗಿ ಅವಸರ ಮಾಡಬಾರದು.

ಆಪ್ಟಿಮಿಸ್ಟ್ ಮಕ್ಕಳು ಜಾಸ್ತಿ ಸಿಕ್ಕಿಬೀಳುವುದು ದಾರದಲ್ಲಿ. ಹಾಯಿ ಕಟ್ಟುವ ದಾರ ಸಡಿಲಾಗಿ, ಮಾಸ್ಟ್‌ಗೂ (ಹಾಯಿಯ ಕಂಬಕ್ಕೂ) ಹಾಯಿಗೂ ನಡುವೆ 10 ಮಿಲಿಮೀಟರ್‌ಗಿಂತ ಹೆಚ್ಚು ಸಂದು ಬಿಡುತ್ತದೆ. ಬೆಳಿಗ್ಗೆ ಸರಿಯಿದ್ದದ್ದು ನೀರಿನಲ್ಲಿ ನೆನೆದು ಜಾರಿರುತ್ತದೆ. ಪ್ರತಿ ಗಂಟನ್ನೂ ದಡದಲ್ಲೇ ನೋಡಿಕೊಳ್ಳಿ ಮಕ್ಕಳೇ.

ಹಳೆಯ ದೋಣಿ ಕೊಳ್ಳುವವರು ದುಡ್ಡು ಕೊಡುವ ಮುಂಚೆ ಸರ್ಟಿಫಿಕೇಟನ್ನು ಕೈಯಲ್ಲಿ ಹಿಡಿದು ದೋಣಿಯ ಸುತ್ತ ಒಂದು ಸುತ್ತು ಬನ್ನಿ. ದೋಣಿಯ ಮೇಲಿನ ಫಲಕದ ನಂಬರ್ ಹೊಂದುತ್ತದೆಯೇ? ಬರೆದಷ್ಟು ಸೀಸ ಇದೆಯೇ? ಮಾಲೀಕರ ಹೆಸರು ಬದಲಾದರೆ ಹಲವು ಕ್ಲಾಸ್‌ಗಳಲ್ಲಿ ಹಳೆಯ ಸರ್ಟಿಫಿಕೇಟ್ ನಡೆಯುವುದಿಲ್ಲ, ಅದನ್ನೂ ಕೇಳಿಕೊಳ್ಳಿ. ಅಡ್ಡಪಟ್ಟಿಯ ಕೆಳಗೂ ಒಮ್ಮೆ ಟಾರ್ಚ್ ಹಾಕಿ.