66 ನಿಮಿಷ 6 ಸೆಕೆಂಡಿನ ಕಾರ್ಣಿಕ

ದಾವಣಗೆರೆಯಲ್ಲಿ ಬೆಣ್ಣೆ ದೋಸೆಗೆ ಕಾಯುತ್ತ ಕೂತವರ ಬಾಯಲ್ಲಿ ಸಾಮಾನ್ಯವಾಗಿ ಮೆಕ್ಕೆಜೋಳದ ರೇಟು, ಭದ್ರಾ ನಾಲೆ ನೀರು, ಇಲ್ಲವೇ ರಾಜಕೀಯ. ಈಚೆಗೊಂದು ಬೆಳಿಗ್ಗೆ ನನ್ನೆದುರಿನ ಬೆಂಚಿನಲ್ಲಿದ್ದ ಮೂವರು ಇಂಜಿನಿಯರಿಂಗ್ ಹುಡುಗರು ಜಗಳಕ್ಕೆ ಬಿದ್ದಿದ್ದು ಇಪ್ಪತ್ತು ವರ್ಷಕ್ಕೂ ಹಳೆಯ ಆಲ್ಬಮ್ಮೊಂದರ ಬಗ್ಗೆ. ಸ್ಕಾಟ್ಲೆಂಡಿನ ‘ಬೋರ್ಡ್ಸ್ ಆಫ್ ಕೆನಡಾ’ ಎಂಬ ಜೋಡಿ 2002ರಲ್ಲಿ ಹೊರತಂದ ‘ಜಿಯೋಗಡ್ಡಿ’ ಅದು. ಹಾಡುಗಾರರಿಲ್ಲ, ಪಲ್ಲವಿ ಇಲ್ಲ. ಸವೆದ ಟೇಪಿನಂತೆ ಅಲುಗಾಡುವ ಸಿಂಥಸೈಸರ್, ಮಕ್ಕಳ ದನಿ, ಎಲ್ಲಿಂದಲೋ ತೇಲಿಬರುವ ಮಾತಿನ ತುಣುಕು. ಒಬ್ಬ ಅದನ್ನು ಸೈತಾನನ ಪೂಜೆ ಅಂದ. ಇನ್ನೊಬ್ಬನಿಗೆ ಅದು ಬರೀ ಗಣಿತ. ಮೂರನೆಯವನ ಪ್ರಕಾರ ಅಮೆರಿಕದಲ್ಲಿ ಬೆಂಕಿಗೆ ಬಿದ್ದ ಪಂಥವೊಂದರ ಕಥೆ. ಮೂವರಲ್ಲೊಬ್ಬ ನಮ್ಮ ಪಕ್ಕದ ಮನೆಯವನು. ‘ಅಂಕಲ್, ನೀವು ಕ್ಯಾಸೆಟ್ ಅಂಗಡಿ ಇಟ್ಟಿದ್ರಲ್ಲ, ನೀವೇ ಹೇಳ್ರಿ, ಇದ್ರಾಗೆ ಏನೈತಿ?’ ಅಂತ ನನ್ನ ತಟ್ಟೆಯ ಪಕ್ಕ ಫೋನಿಟ್ಟ.

ಮೂವರೂ ಪೂರ್ತಿ ತಪ್ಪಲ್ಲ. ಬೇರೆ ಬೇರೆ ಕಾಲದ ದಾರಗಳು ಒಂದೇ ಉಂಡೆಯಲ್ಲಿ ಸಿಕ್ಕಿಕೊಂಡಿವೆ, ಅಷ್ಟೇ.

ಹಾಡಿನೊಳಗೆ ಗುಟ್ಟು ಹುಡುಕುವುದು ನಮ್ಮ ಕಡೆಯವರಿಗೆ ಹೊಸ ಕೆಲಸವಲ್ಲ. ಅಲ್ಲಮನ ಬೆಡಗಿನ ವಚನಕ್ಕೆ ಟೀಕೆ ಬರೆದವರಿದ್ದಾರೆ. ಕೋಳಿ ಕೋಡಗವನ್ನು ನುಂಗಿತು ಅಂತ ಶಿಶುನಾಳ ಷರೀಫರು ಹಾಡಿದರೆ ಕೋಳಿ ಯಾವುದು, ಕೋಡಗ ಯಾವುದು ಅಂತ ಭಜನೆ ಮುಗಿದ ಮೇಲೂ ಕಟ್ಟೆಯ ಮೇಲೆ ಚರ್ಚೆ. ಎಲ್ಲಕ್ಕಿಂತ ಹತ್ತಿರದ್ದು ಮೈಲಾರದ ಕಾರ್ಣಿಕ. ಹರಿಹರ ದಾಟಿ ತುಂಗಭದ್ರೆಯ ದಂಡೆ ಹಿಡಿದು ಹೋದರೆ ಸಿಗುವ ಊರು. ಭರತ ಹುಣ್ಣಿಮೆಯ ಜಾತ್ರೆಯಲ್ಲಿ ಗೊರವಯ್ಯ ಬಿಲ್ಲು ಏರಿ ‘ಸದ್ದಲೇ’ ಅನ್ನುತ್ತಾರೆ. ಲಕ್ಷಾಂತರ ಜನ ಗಪ್‌ಚುಪ್. ಒಂದೇ ಒಂದು ಸಾಲು ನುಡಿದು ಮೇಲಿಂದ ಬೀಳುತ್ತಾರೆ. ಆ ಸಾಲಿಗೆ ಮಳೆಯ ಅರ್ಥ, ಬೆಲೆಯ ಅರ್ಥ, ಸರ್ಕಾರದ ಅರ್ಥ ಹುಟ್ಟುವುದು ಜನ ಊರಿಗೆ ಹೊರಟ ಟ್ರ್ಯಾಕ್ಟರಿನಲ್ಲಿ. ಮಳೆ ಬಂದರೂ ಕಾರ್ಣಿಕ ನಿಜವಾಯಿತು, ಬರದಿದ್ದರೂ ಆಯಿತು. ಇದನ್ನು ವ್ಯಂಗ್ಯವಾಗಿ ಹೇಳುತ್ತಿಲ್ಲ. ನಾನೂ ಆ ಟ್ರ್ಯಾಕ್ಟರಿನಲ್ಲಿ ಕೂತು ಅರ್ಥ ಹೇಳಿದವನೇ.

ಪಶ್ಚಿಮದಲ್ಲಿ ಈ ಚಟ ಅಂಟಿಸಿದ್ದು ಟೇಪು. 1966ರಲ್ಲಿ ಬೀಟಲ್ಸ್ ಒಂದು ಹಾಡಿನ ಕೊನೆಗೆ ದನಿಯನ್ನು ಹಿಂದುಮುಂದಾಗಿ ಕೂಡಿಸಿದರು, 1969ರ ಅಕ್ಟೋಬರಿನಲ್ಲಿ ಡೆಟ್ರಾಯಿಟ್‌ನ ರೇಡಿಯೊ ಸ್ಟೇಷನ್ನಿಗೆ ಬಂದ ಫೋನ್ ಕರೆಯೊಂದರಿಂದ ಅದೇ ತಂಡದ ಪಾಲ್ ಮೆಕಾರ್ಟ್ನಿ ಸತ್ತೇ ಹೋಗಿದ್ದಾನೆ ಎಂಬ ಗುಲ್ಲು ಎಲ್ಲೆಡೆ ಹಬ್ಬಿತು, ಎಪ್ಪತ್ತರ ದಶಕದಲ್ಲಿ ಉಲ್ಟಾ ಮಾತು ಹುಡುಕುವುದು ತಮಾಷೆಯಾಯಿತು, ಎಂಬತ್ತರಲ್ಲಿ ಅದೇ ಹಾಡಿನೊಳಗೆ ಕೆಟ್ಟ ಮಾತು ಅಡಗಿದೆ ಎಂಬ ಭಯವಾಗಿ 1990ಕ್ಕೆ ನೆವಾಡಾದ ಕೋರ್ಟಿನ ಮೆಟ್ಟಿಲು ಹತ್ತಿ ಅಲ್ಲಿ ಬಿದ್ದುಹೋಯಿತು. ತಮಾಷೆಯ ಕಾಲದ್ದೊಂದು ಹೇಳಲೇಬೇಕು: 1979ರಲ್ಲಿ ಪಿಂಕ್ ಫ್ಲಾಯ್ಡ್ ತಂಡ ತನ್ನ ಆಲ್ಬಮ್ಮಿನಲ್ಲಿ ತಿರುವುಮುರುವಾದ ಮಾತೊಂದನ್ನು ಇಟ್ಟಿತ್ತು. ಕಷ್ಟಪಟ್ಟು ತಿರುಗಿಸಿ ಕೇಳಿದವರಿಗೆ ಸಿಕ್ಕಿದ್ದು, ಗುಪ್ತ ಸಂದೇಶ ಪತ್ತೆಹಚ್ಚಿದ್ದಕ್ಕೆ ಅಭಿನಂದನೆ!

ಭಯದ ಕಾಲದಲ್ಲೇ, 1985ರಲ್ಲಿ, ಕೆನಡಾದ ಲೆತ್‌ಬ್ರಿಜ್ ವಿಶ್ವವಿದ್ಯಾಲಯದ ವೋಕಿ ಮತ್ತು ರೀಡ್ ಎಂಬ ಮನಶ್ಶಾಸ್ತ್ರಜ್ಞರು ಒಂದು ಪ್ರಯೋಗ ಪ್ರಕಟಿಸಿದರು. ಬೈಬಲಿನ ಕೀರ್ತನೆಯನ್ನೂ ಅರ್ಥವಿಲ್ಲದ ಮಕ್ಕಳ ಪದ್ಯವನ್ನೂ ಉಲ್ಟಾ ಕೇಳಿಸಿದರು. ಜನ ಗಂಡು ದನಿಯೋ ಹೆಣ್ಣು ದನಿಯೋ ಗುರುತಿಸಿದರು, ಮಾತಿನ ಅರ್ಥ ಮಾತ್ರ ಯಾರಿಗೂ ಹತ್ತಲಿಲ್ಲ. ‘ಇಲ್ಲಿ ಇಂಥ ಮಾತಿದೆ, ಕೇಳಿ’ ಅಂದ ಕೂಡಲೇ ಬಹಳ ಮಂದಿಗೆ ಅದೇ ಮಾತು ಕೇಳತೊಡಗಿತು.

ನನಗಿದು ಓದಿ ಗೊತ್ತಾದದ್ದಲ್ಲ. ತೊಂಬತ್ತರ ದಶಕದಲ್ಲಿ ನಮ್ಮ ಅಂಗಡಿಯಲ್ಲಿ ಎರಡು ಡೆಕ್ಕು, ಒಂದು ಸ್ಟೂಲು, ಮೊಳೆಗೆ ಚುಚ್ಚಿದ ಹಾಡಿನ ಚೀಟಿಗಳು. ಒಂದು ದಿನ ಚೌಕಿಪೇಟೆಯ ಅಜ್ಜಿಯೊಬ್ಬರು ಭಕ್ತಿಗೀತೆಯ ಕ್ಯಾಸೆಟ್ಟನ್ನು ಸೆರಗಿನಲ್ಲಿ ಸುತ್ತಿಕೊಂಡು ಬಂದರು. ಕೈಯಲ್ಲಿ ಮುಟ್ಟಲೂ ಅವರಿಗೆ ಹೆದರಿಕೆ. ‘ತಮ್ಮಾ, ಸ್ವಾಮಿ ಹಾಡಿನಾಗೆ ಯಾರೋ ಗೊಣಗ್ತಾರೆ ನೋಡಪ್ಪ.’ ಹಾಕಿ ಕೇಳಿದೆ. ನಿಜಕ್ಕೂ ಗೊಣಗು, ಬಾಯಿಗೆ ಬಟ್ಟೆ ಕಟ್ಟಿಕೊಂಡು ಯಾವುದೋ ಭಾಷೆಯಲ್ಲಿ ಶಾಪ ಹಾಕಿದಂತೆ.

ಕ್ಯಾಸೆಟ್ ರೀಲಿನ ಅಗಲ 4 ಮಿಲಿಮೀಟರಿಗೂ ಕಡಿಮೆ. ಅದರ ಒಂದು ಅರ್ಧದಲ್ಲಿ ಎ ಸೈಡು, ಇನ್ನೊಂದು ಅರ್ಧದಲ್ಲಿ ಬಿ ಸೈಡು, ಎದುರುಬದುರು ದಿಕ್ಕಿಗೆ ಮುದ್ರಣ. ಪ್ಲೇಯರ್ ರೀಲು ಎಳೆದುಕೊಂಡಾಗ ಮನೆಯವರು ಪೆನ್ಸಿಲ್ ತೂರಿಸಿ ಸುತ್ತಿರುತ್ತಾರೆ. ಅವಸರದಲ್ಲಿ ಎಲ್ಲೋ ಒಂದು ಕಡೆ ರೀಲು ಮಗುಚಿಕೊಂಡಿರುತ್ತದೆ. ಆಗ ಹೆಡ್ಡಿಗೆ ತಾಗುವುದು ರೀಲಿನ ಬೆನ್ನು. ಎ ಸೈಡು ಹಾಕಿದರೆ ಬಿ ಸೈಡಿನ ಹಾಡು ಮಂದವಾಗಿ, ಕೊನೆಯಿಂದ ಮೊದಲಿಗೆ ಬರುತ್ತದೆ. ಐದು ಸ್ಕ್ರೂ ಬಿಚ್ಚಿದೆ, ಮಗುಚಿದ್ದನ್ನು ನೆಟ್ಟಗೆ ಮಾಡಿದೆ, ಹಾಕಿ ತೋರಿಸಿದೆ. ಅಜ್ಜಿ ಪೂರ್ತಿ ಹಾಡು ಕೇಳಿ, ‘ಈಗ ಹೋತು. ಆದ್ರೆ ಇತ್ತು’ ಅಂದರು. ಎರಡು ರೂಪಾಯಿ ಕೊಟ್ಟು ಹೋದರು. ಆ ‘ಇತ್ತು’ ನನಗೆ ಇವತ್ತಿಗೂ ಮರೆತಿಲ್ಲ.

ಈಗ ಹುಡುಗರ ಆಲ್ಬಮ್ಮಿಗೆ ಬರೋಣ. ‘ಜಿಯೋಗಡ್ಡಿ’ಯ ವಿಷಯ ಅಜ್ಜಿಯ ಕ್ಯಾಸೆಟ್ಟಿನಂತಲ್ಲ, ಇಲ್ಲಿ ರೀಲನ್ನು ಬೇಕೆಂದೇ ಮಗುಚಿಟ್ಟಿದ್ದಾರೆ. ಹಿಂದಿನ ಗುಲ್ಲುಗಳನ್ನೆಲ್ಲ ಕೇಳಿ ಬೆಳೆದವರು ಮಾಡಿದ ಆಲ್ಬಮ್ ಇದು, ಕೇಳುಗ ಅಗೆಯುತ್ತಾನೆ ಅಂತ ಅವರಿಗೆ ಮೊದಲೇ ಗೊತ್ತಿತ್ತು.

ಸೈತಾನನ ದಾರ ಮೊದಲು. ಆಲ್ಬಮ್ಮಿನ ಒಟ್ಟು ಅವಧಿ 66 ನಿಮಿಷ 6 ಸೆಕೆಂಡು, ಅಂದರೆ ಬೈಬಲಿನಲ್ಲಿ ಮೃಗದ ಸಂಖ್ಯೆ ಎನಿಸಿದ 666. ಒಂದು ತುಣುಕಿನ ಹೆಸರಿನಲ್ಲೇ ಸೈತಾನನಿದ್ದಾನೆ. ಸಾಲದ್ದಕ್ಕೆ ಬಿಡುಗಡೆಗೆ ಮುಂಚೆ ಇದನ್ನು ಜನರಿಗೆ ಕೇಳಿಸಿದ್ದು ಚರ್ಚುಗಳಲ್ಲಿ. ಆದರೆ ಲೆಕ್ಕ ಹಾಕಿ ನೋಡಿ: 23 ತುಣುಕುಗಳಲ್ಲಿ ಕೊನೆಯದು ಬರೀ ಮೌನ, 1 ನಿಮಿಷ 46 ಸೆಕೆಂಡು. ಸಂಗೀತ ಮುಗಿಯುವುದು 64 ನಿಮಿಷ ಚಿಲ್ಲರೆಗೇ. ಮಿಕ್ಕ ಖಾಲಿ ಜಾಗ ಸೇರಿಸಿದ ಮೇಲೆ ಆ ಸಂಖ್ಯೆ ಹುಟ್ಟಿದೆ. ಮೂರು ಎಲ್‌ಪಿ ತಟ್ಟೆಗಳ ಆವೃತ್ತಿಯಲ್ಲಂತೂ ಆರನೇ ಬದಿಗೆ ಹಾಡಿನ ಗೆರೆಯೇ ಇಲ್ಲ, ಚಿತ್ರವೊಂದನ್ನು ಕೊರೆದಿದ್ದಾರೆ. ಸೈತಾನನನ್ನು ನಂಬುವವರಿಗಿಂತ ಸೈತಾನನನ್ನು ಹುಡುಕುವವರನ್ನು ಕಂಡು ನಗುವವರ ಕೆಲಸದಂತೆ ನನಗೆ ಕಾಣುತ್ತದೆ.

ಗಣಿತದ ದಾರ ಹೆಚ್ಚು ಗಟ್ಟಿ. ಒಂದು ತುಣುಕಿನ ಹೆಸರು ‘ಅತಿ ಚಿಕ್ಕ ವಿಚಿತ್ರ ಸಂಖ್ಯೆ’ ಎಂಬರ್ಥದ್ದು. ಗಣಿತದಲ್ಲಿ ಅದು 70. ತನ್ನನ್ನು ಬಿಟ್ಟು 70ರ ಭಾಜಕಗಳು 1, 2, 5, 7, 10, 14, 35, ಕೂಡಿದರೆ 74. ಎಪ್ಪತ್ತಕ್ಕಿಂತ ಹೆಚ್ಚಾಯಿತು. ಆದರೆ ಇವುಗಳಲ್ಲಿ ಯಾವುವನ್ನು ಆರಿಸಿ ಕೂಡಿದರೂ ಸರಿಯಾಗಿ 70 ಬರುವುದಿಲ್ಲ. 4ನ್ನು ಕಳೆಯಬೇಕು, ಕಳೆಯುವಂಥ ಜೊತೆ ಅಲ್ಲಿಲ್ಲ. ಕೈತುಂಬ ಚಿಲ್ಲರೆ ಇದ್ದೂ ಸರಿಯಾದ ಬಾಕಿ ಕೊಡಲಾಗದ ಕಿರಾಣಿ ಅಂಗಡಿಯ ಹಾಗೆ. ಈ ಜೋಡಿಯ ಸ್ವಂತ ಲೇಬಲ್ಲಿನ ಹೆಸರು ‘ಮ್ಯೂಸಿಕ್ 70’. ಗುಟ್ಟಿನ ಬೀಗಕ್ಕೆ ಇಷ್ಟು ಚೆನ್ನಾಗಿ ಕೂತ ಕೀಲಿ ಆಲ್ಬಮ್ಮಿನಲ್ಲಿ ಇನ್ನೊಂದು ನನಗೆ ಸಿಕ್ಕಿಲ್ಲ. ದೋಸೆ ಅಂಗಡಿಯ ಜಗಳದಲ್ಲಿ ಈ ಗಣಿತದ ಹುಡುಗನದೇ ಮೆತ್ತಗಿನ ದನಿ.

ಮೂರನೆಯ ದಾರ ಹುಷಾರಾಗಿ ಹಿಡಿಯಬೇಕಾದ್ದು. ಅಮೆರಿಕದ ಟೆಕ್ಸಾಸಿನ ವೇಕೊ ಊರಿನ ಹತ್ತಿರ ಡೇವಿಡ್ ಕೊರೆಶ್ ಎಂಬಾತನ ಪಂಥದವರಿದ್ದ ವಸತಿಯನ್ನು 1993ರಲ್ಲಿ ಸರ್ಕಾರಿ ಪಡೆಗಳು 51 ದಿನ ಮುತ್ತಿದವು. ಏಪ್ರಿಲ್ 19ರಂದು ಬೆಂಕಿ; ಮಕ್ಕಳೂ ಸೇರಿ ಎಪ್ಪತ್ತಕ್ಕೂ ಹೆಚ್ಚು ಜನ ಸತ್ತರು. ಬೋರ್ಡ್ಸ್ ಆಫ್ ಕೆನಡಾದ 2000ದ ಕಿರು ಆಲ್ಬಮ್ಮಿನಲ್ಲಿ ಹಳ್ಳಿಗಾಡಿನ ಚಂದದ ಜಾಗದ ಧಾರ್ಮಿಕ ಸಮುದಾಯಕ್ಕೆ ಬಂದು ಬಾಳಿ ಅಂತ ಕರೆಯುವ ದನಿಯಿದೆ. ‘ಜಿಯೋಗಡ್ಡಿ’ಯ ಇನ್ನೊಂದು ತುಣುಕಿನಲ್ಲಿ ಮನುಷ್ಯರ ದನಿಯನ್ನು ಯಂತ್ರದ ದನಿಯಂತೆ ಮಾಡುವ ವೊಕೋಡರಿನಿಂದ ಹಾಯ್ದ ದನಿ ಆ ಪಂಥದ ಹೆಸರನ್ನೇ ಹೇಳುತ್ತದೆ. ಅದು ಹೊಗಳಿಕೆಯೋ ಎಚ್ಚರಿಕೆಯೋ? ದನಿ ಎಷ್ಟು ಇಂಪಾಗಿದೆಯೆಂದರೆ ಮೊದಲ ಸಲ ಯಾರೂ ಮಾತನ್ನು ಕೇಳುವುದೇ ಇಲ್ಲ, ತಲೆ ಆಡಿಸುತ್ತಾರೆ. ಇಂಪಿನ ಬೆನ್ನು ಹತ್ತಿದ ಜನ ಎಲ್ಲಿಗೆ ಹೋಗಿ ನಿಂತರು ಎಂಬುದು ಆ ಇಂಪಿನಲ್ಲೇ ಇದೆ ಅಂತ ನನ್ನ ಊಹೆ. ಟ್ರ್ಯಾಕ್ಟರಿನಲ್ಲಿ ಕೂತವನ ಊಹೆ, ನೆನಪಿರಲಿ.

ಆಮೇಲಿನದು ಬೇಗ ಹೇಳಬಹುದು. 2013ರಲ್ಲಿ ಹೊಸ ಆಲ್ಬಮ್ಮಿನ ಮುನ್ಸೂಚನೆಯನ್ನೇ ಈ ಜೋಡಿ ಒಗಟು ಮಾಡಿತು: ಆರಾರು ಅಂಕಿಗಳ ಆರು ಗುಂಪು, ಒಂದೊಂದು ಒಂದೊಂದು ಕಡೆ, ಮೊದಲನೆಯದು ಅಂಗಡಿಯಲ್ಲಿ ಇಟ್ಟಿದ್ದ ಒಂದು ರೆಕಾರ್ಡಿನಲ್ಲಿ. 36 ಅಂಕಿ ಜೋಡಿಸಿದವರಿಗೆ ದಕ್ಕಿದ್ದು ಆಲ್ಬಮ್ ಬರುತ್ತಿದೆ ಎಂಬ ಸುದ್ದಿ. ಬಿಲ್ಲು ಏರುವ ಮುಂಚೆಯೇ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿದ ಹಾಗಾಯಿತು. ಯಾರ ತಪ್ಪೂ ಅಲ್ಲ. ಅಡಗಿಸಿದವರಿಗೆ ಹುಡುಕುವವರು ಬೇಕು, ಹುಡುಕುವವರಿಗೆ ಏನಾದರೂ ಸಿಗಬೇಕು, ಮಾರುವವರಿಗೆ ಇಬ್ಬರೂ ಬೇಕು. ನಡುವೆ ಹಾಡು ಕೇಳುವ ಕೆಲಸ ಮಾತ್ರ ತುಸು ಹಿಂದೆ ಬಿತ್ತು.

ಇಷ್ಟು ಅಗೆದವರ ಕಣ್ಣೆದುರೇ ಒಂದು ಗುಟ್ಟು ವರ್ಷಗಟ್ಟಲೆ ಕೂತಿತ್ತು. ಈ ಜೋಡಿಯ ಒಬ್ಬ ಮೈಕೆಲ್ ಸ್ಯಾಂಡಿಸನ್, ಇನ್ನೊಬ್ಬ ಮಾರ್ಕಸ್ ಇಯೋನ್. ಇಬ್ಬರೂ ಒಡಹುಟ್ಟಿದ ಅಣ್ಣತಮ್ಮಂದಿರು. ಮಾರ್ಕಸ್ ಮನೆತನದ ಹೆಸರು ಬಿಟ್ಟು ಬರೆಯುತ್ತಿದ್ದ, ಅಷ್ಟೇ. 2005ರ ಸಂದರ್ಶನವೊಂದರಲ್ಲಿ ಅವರೇ ಹೇಳಿದ ಮೇಲೆ ಲೋಕಕ್ಕೆ ತಿಳಿಯಿತು. ಸೆಕೆಂಡು ಎಣಿಸಿದವರು, ಉಲ್ಟಾ ತಿರುಗಿಸಿದವರು, ಯಾರೂ ಅದನ್ನು ಕೇಳಲೇ ಇಲ್ಲ. ಇದನ್ನು ಹೇಳಿದಾಗ ಪಕ್ಕದ ಮನೆ ಹುಡುಗ, ‘ಅಯ್ಯ, ಇಷ್ಟೇನಾ’ ಅಂದ.

ಮರುವಾರ ಮೂವರೂ ಸ್ಪೀಕರ್ ಹಿಡಿದುಕೊಂಡು ಸಂಜೆ ನನ್ನ ಅಂಗಡಿಗೇ ಬಂದರು. ಈಗಲ್ಲಿ ಮೊಬೈಲ್ ಕವರು, ಚಾರ್ಜರು. ಹಳೇ ಡೆಕ್ಕು ಅಟ್ಟದ ಮೇಲಿದೆ. ಮಾತಾಡದೆ ಪೂರ್ತಿ ಕೇಳಬೇಕು ಅಂತ ಕರಾರು ಹಾಕಿದೆ. ಕೊನೆಯ ತುಣುಕು ಬಂತು. ಫ್ಯಾನಿನ ಕಿರ್ ಕಿರ್. ರಸ್ತೆಯಲ್ಲಿ ಕಂಡಕ್ಟರ್ ‘ಹರಿಹರ, ಹರಿಹರ’ ಅಂತ ಕೂಗುತ್ತಿದ್ದ. ಯಾರೋ ಶಟರಿನ ಹತ್ತಿರ ಬಂದು ರೀಚಾರ್ಜ್ ಕೇಳಿದರು. ಸೈತಾನನ ಪಕ್ಷದ ಹುಡುಗ ಕೈ ಎತ್ತಿ ಸುಮ್ಮನಿರಲು ಸನ್ನೆ ಮಾಡಿದ. ಅರ್ಧ ನಿಮಿಷ ಆಗಿರಬೇಕು, ಗಣಿತದ ಹುಡುಗ ಮೆಲ್ಲಗೆ ಎದ್ದು ಬಗ್ಗಿ ನೋಡಿದ, ಬ್ಲೂಟೂತ್ ಕಡಿದು ಹೋಗಿದೆಯೋ ಅಂತ.